ಅಳತೆ ಕೊಟ್ಟು ಮಾಡಿಸಿದ ಬಂದೂಕು

ಟೈಲರ್ ಮಾಸ್ಟರಿಗೆ ಜೀವನದಲ್ಲಿ ಇದ್ದ ದೂರು ಒಂದೇ. ಮೂವತ್ತೊಂದು ವರ್ಷದಿಂದ ಊರಿನವರ ಮೈಯನ್ನೆಲ್ಲ ಅಳೆದು ಬಟ್ಟೆ ಹೊಲಿದುಕೊಟ್ಟ ಅವರ ಮೈಮೇಲೆ ಅವರದೇ ಅಳತೆಗೆ ಹೊಲಿದ ಒಂದು ಅಂಗಿಯೂ ಇರಲಿಲ್ಲ. ಹೊಲಿಯಲು ಕೊಟ್ಟು ಮರೆತವರು, ಹೊಲಿದು ಮುಗಿಯುವಷ್ಟರಲ್ಲಿ ದಪ್ಪಗಾದವರು, ಊರು ಬಿಟ್ಟವರು, ಕಾಲರಿನ ವಿಷಯಕ್ಕೆ ಜಗಳವಾಡಿ ಮುಖ ತಿರುಗಿಸಿಕೊಂಡವರು, ಇಂಥವರೆಲ್ಲ ಬಿಟ್ಟುಹೋದ ಅಂಗಿ ಪ್ಯಾಂಟುಗಳೇ ಮಾಸ್ಟರ ವಸ್ತ್ರಭಂಡಾರ. ಸೋಮವಾರ ಅವರು ತೊಡುವ ಪ್ಯಾಂಟು ಒಬ್ಬ ಬ್ಯಾಂಕ್ ಮ್ಯಾನೇಜರದು, ಅಂಗಿ ಒಬ್ಬ ಲಾರಿ ಡ್ರೈವರನದು. (ಒಳಗಿನ ಬನಿಯನ್ ಮಾತ್ರ ಸ್ವಂತದ್ದು. ಅದೂ ಪೇಟೆಯಿಂದ ತಂದ ರೆಡಿಮೇಡ್.)

"ಒಂದು ಅಂಗಿ ಹೊಲ್ಕೊಳ್ಳಿ, ಯಾರು ಬೇಡ ಅಂದ್ರು?" ಎಂದು ಹೆಂಡತಿ ಕೇಳಿದರೆ "ಗಿರಾಕಿಗಳದ್ದು ಮುಗೀಲಿ ತಡಿಯೇ" ಎನ್ನುತ್ತಿದ್ದರು. ಗಿರಾಕಿಗಳದ್ದು ಎಂದಾದರೂ ಮುಗಿಯುತ್ತದೆಯೇ?

ಮಾಸ್ಟರ ಹೆಂಡತಿಯನ್ನು ಅಂಗಡಿಗೆ ಬರುವವರೆಲ್ಲ ಅಕ್ಕ ಎನ್ನುತ್ತಾರೆ. ನಾವೂ ಹಾಗೇ ಅನ್ನೋಣ. ಮನೆಯ ಮುಂಭಾಗವೇ ಅಂಗಡಿ. ಗಂಡಸರ ಅಳತೆ ಮಾಸ್ಟರದು, ಹೆಂಗಸರ ಅಳತೆ ಅಕ್ಕನದು. ಟೇಪು ಇಬ್ಬರಿಗೂ ಒಂದೇ, ಆದರೆ ಅವರ ಪುಸ್ತಕ ಬೇರೆ, ಇವರ ಪುಸ್ತಕ ಬೇರೆ. ಮದುವೆಯಾದ ಹೊಸದರಲ್ಲಿ ಒಂದೇ ಪುಸ್ತಕ ಇಟ್ಟಿದ್ದರು. ಒಂದು ವಾರ ಮಾತುಬಿಟ್ಟ ಮೇಲೆ ಎರಡು ಮಾಡಿಕೊಂಡರು. ಅಲ್ಲಿಂದ ಸಂಸಾರ ಸುಗಮವಾಗಿ ನಡೆದಿತ್ತು.

ಎಲ್ಲ ಶುರುವಾದದ್ದು ಕಣ್ಣಿನ ಡಾಕ್ಟರಿಂದ. ಮಾಸ್ಟರ ಕಣ್ಣು ಉರಿಯುತ್ತಿತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ನೀವು ಮೂವತ್ತು ವರ್ಷದಿಂದ ಒಂದು ಗೇಣಿನಾಚೆ ಏನನ್ನೂ ನೋಡಿಲ್ಲ. ಔಷಧಿ ಬೇಡ. ದಿನಾ ಸ್ವಲ್ಪ ಹೊತ್ತು ದೂರದ್ದನ್ನ ನೋಡಿ" ಎಂದರು.

"ಮೇಲೆ ತಾರಸಿಗೆ ಹೋಗಿ. ದೂರ ಬೇಕಾದಷ್ಟಿದೆ" ಎಂದರು ಅಕ್ಕ.

ಮಾಸ್ಟರು ಹೋದರು. ಪಕ್ಕದ ಮನೆಯ ನೀರಿನ ಟ್ಯಾಂಕು ಕಂಡಿತು, ಅದರ ಹಿಂದೆ ಅದರಾಚೆಯ ಮನೆಯ ನೀರಿನ ಟ್ಯಾಂಕು ಕಂಡಿತು. ಇಳಿದು ಬಂದರು.

ಅದೇ ವಾರ ಒಂದು ಕೋಟಿನ ಟ್ರಯಲ್ ನೋಡುವುದಿತ್ತು. ಕೋಟು ರೈಫಲ್ ಕ್ಲಬ್ಬಿನ ಕಾರ್ಯದರ್ಶಿಯವರದು. ನಿವೃತ್ತ ಗಣಿತದ ಮೇಷ್ಟ್ರು ಅವರು, ಭಾನುವಾರ ಮನೆಯಲ್ಲಿ ಸಿಕ್ಕುವವರಲ್ಲ. ಮಾಸ್ಟರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಊರಾಚೆಯ ರೇಂಜಿಗೇ ಹೋದರು. ಉದ್ದನೆಯ ಬಯಲು, ಕೊನೆಗೆ ಎತ್ತರದ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಸಾಲಾಗಿ ನಿಲ್ಲಿಸಿದ ಕಾಗದದ ಗುರಿಗಳು. ಆರುನೂರು ಮೀಟರ್. ಕಾರ್ಯದರ್ಶಿಯವರು ಸುಮ್ಮನಿರಲಾರದೆ "ಮಾಸ್ಟ್ರೇ, ಒಂದು ಸಲ ಇದರೊಳಗೆ ನೋಡಿ" ಎಂದು ಚಾಪೆಯ ಮೇಲೆ ಮಲಗಿಸಿ, ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣು ಹಚ್ಚಿಸಿದರು. ಅಷ್ಟು ದೂರದಲ್ಲಿ, ಬಿಳಿ ಕಾಗದದ ನಡುವೆ, ಕೋಟಿನ ಗುಂಡಿಯ ಗಾತ್ರದ ಒಂದು ಕಪ್ಪು ಚುಕ್ಕೆ ಸ್ಪಷ್ಟವಾಗಿ ಕಂಡಿತು.

ಮಾಸ್ಟರಿಗೆ ಕಣ್ಣುರಿ ಆ ಕ್ಷಣಕ್ಕೆ ನಿಂತುಹೋಯಿತು. ಮುಂದಿನ ಭಾನುವಾರ ಅವರು ಕ್ಲಬ್ಬಿನ ಸದಸ್ಯರು.

ಒಂದು ವರ್ಷ ಕ್ಲಬ್ಬಿನ ಹಳೆಯ ರೈಫಲಿನಲ್ಲೇ ಹೊಡೆದರು. ಹೊಡೆದರು ಎನ್ನುವುದು ದೊಡ್ಡ ಮಾತು. ಗುಂಡುಗಳು ಹೋಗುತ್ತಿದ್ದುದು ನಿಜ, ಎಲ್ಲಿಗೆ ಎಂಬುದು ಮಾತ್ರ ಆಯಾ ಗುಂಡಿನ ಸ್ವಂತ ವಿಚಾರವಾಗಿತ್ತು. ದಿಬ್ಬಕ್ಕೆ ಒಂದೂ ತಪ್ಪಲಿಲ್ಲ. ಕಾಗದಕ್ಕೆ ಆಗೊಮ್ಮೆ ಈಗೊಮ್ಮೆ. ಕಪ್ಪು ಚುಕ್ಕೆಗೆ ಇಡೀ ವರ್ಷದಲ್ಲಿ ಎರಡು ಸಲ, ಅದರಲ್ಲೊಂದು ಸೀನುವಾಗ.

"ತಪ್ಪು ನನ್ನದಲ್ಲ ಮೇಷ್ಟ್ರೇ" ಎಂದರು ಮಾಸ್ಟರು ಕಾರ್ಯದರ್ಶಿಗೆ. "ಈ ಬಂದೂಕು ನನ್ನ ಮೈಗೆ ಕೂರೋದಿಲ್ಲ. ಇದು ರೆಡಿಮೇಡ್."

ರೆಡಿಮೇಡ್ ಎಂಬ ಪದವನ್ನು ಅವರು ಬಾಯಲ್ಲಿ ಕಲ್ಲು ಸಿಕ್ಕಿದವರಂತೆ ಉಚ್ಚರಿಸುತ್ತಿದ್ದರು. ಕಾರ್ಯದರ್ಶಿಯವರು ತಮ್ಮ ಕೋಟಿನ ಭುಜವನ್ನು ಒಮ್ಮೆ ನೋಡಿಕೊಂಡು (ಅದು ಮಾಸ್ಟರ ಕೈಕೆಲಸ, ಅಚ್ಚುಕಟ್ಟಾಗಿ ಕೂತಿತ್ತು) ವಾದ ಮಾಡಲಿಲ್ಲ. "ಹಾಗಾದ್ರೆ ಸ್ವಂತದ್ದು ತಗೊಳ್ಳಿ. ಕ್ಲಬ್ಬಿನ ಬೀರುವಿನಲ್ಲೇ ಇರಬೇಕು, ಮನೆಗೆ ಒಯ್ಯೋ ಹಾಗಿಲ್ಲ. ಅರ್ಜಿಗೆ ಮನೆಯವರ ಸಹಿಯೂ ಬೇಕು. ಒಂದು ಮನೆಗೆ ಒಂದೇ ಬಂದೂಕು, ಬೀರುವಿನಲ್ಲಿ ಅಷ್ಟೇ ಜಾಗ" ಎಂದು ಅರ್ಜಿ ಕೊಟ್ಟರು.

ಮಾಸ್ಟರು ಅರ್ಜಿಯನ್ನು ಅಕ್ಕನ ಮುಂದೆ ಇಟ್ಟದ್ದು ಊಟವಾದ ಮೇಲೆ. ಅವರಿಗೆ ಅಷ್ಟು ಬುದ್ಧಿ ಇತ್ತು.

"ಎಷ್ಟು ದೂರ ಹೊಡೀಬೇಕು ನೀವು?" ಎಂದು ಅಕ್ಕ ಕನ್ನಡಕ ಹಾಕಿಕೊಂಡರು.

"ಆರುನೂರು ಮೀಟರ್."

"ನಮ್ಮ ಹಾಲಿನಂಗಡಿ ಎಷ್ಟು ದೂರ?"

"ಇನ್ನೂರು ಇರಬಹುದು."

"ಅಲ್ಲಿಗೆ ಹೋಗ್ಬನ್ನಿ ಅಂದ್ರೆ ಮಂಡಿನೋವು. ಅದರ ಮೂರರಷ್ಟು ದೂರದಲ್ಲಿ ಒಂದು ಕಾಗದ ನಿಲ್ಲಿಸಿದ್ರೆ ಅದಕ್ಕೆ ತೂತು ಮಾಡ್ಲೇಬೇಕು, ಅಲ್ವಾ?"

"ಅಲ್ಲಿಗೆ ನಾನು ಹೋಗಲ್ವೇ, ಗುಂಡು ಹೋಗುತ್ತೆ."

"ಹಾಗಾದ್ರೆ ಹಾಲಿಗೂ ಅದನ್ನೇ ಕಳಿಸಿ."

ಮಾಸ್ಟರಿಗೆ ಸಿಟ್ಟು ಬರಲಿಲ್ಲ, ಅಳು ಬಂದಂತಾಯಿತು. ಅವರು ಕೂತಲ್ಲೇ ತಮ್ಮ ಅಂಗಿಯ ಕೈ ಹಿಡಿದು ತೋರಿಸಿದರು. ಮುಂಗೈ ಮುಚ್ಚಿ ಬೆರಳಿನ ತನಕ ಬಂದಿತ್ತು. "ನೋಡು. ಇದು ಯಾರದೋ. ಪ್ಯಾಂಟು ಯಾರದೋ. ಈ ವಯಸ್ಸಿಗೆ ನನಗೆ ಅಂತ, ನನ್ನ ಮೈಗೆ ಅಂತ ಮಾಡಿಸಿದ ಒಂದು ವಸ್ತು ಬೇಡವೇನೇ?"

ಅಕ್ಕ ಅರ್ಜಿಯನ್ನು ಹತ್ತಿರ ಎಳೆದುಕೊಂಡರು. ಆ ಅಂಗಿಯ ಕೈ ಮಡಿಚಿ ಹೊಲಿಯಬೇಕೆಂದು ಅವರಿಗೂ ಎರಡು ವರ್ಷದಿಂದ ಅನಿಸುತ್ತಿತ್ತು. "ಸಹಿ ಹಾಕ್ತೀನಿ" ಎಂದರು. "ಆದ್ರೆ ಆರಿಸೋಕೆ ನಾನೂ ಬರ್ತೀನಿ. ನೀವೊಬ್ಬರೇ ಹೋದ್ರೆ ಅಂಗಡಿಯವರು ಫಿರಂಗಿ ಕಟ್ಟಿ ಕಳಿಸ್ತಾರೆ."

ಬಂದೂಕಿನ ಅಂಗಡಿಯವರು ಕಡಿಮೆ ಮಾತಿನವರು. ಗಾಜಿನ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಒಂದೊಂದಾಗಿ ರೈಫಲ್ ತಂದು, ಪ್ರತಿಯೊಂದರ ಬೋಲ್ಟ್ ಹಿಂದಕ್ಕೆ ಎಳೆದು ಒಳಗೆ ಖಾಲಿ ಇದೆ ಎಂದು ತೋರಿಸಿ ಇಟ್ಟರು. ಮಾಸ್ಟರ ಕೈ ನೇರವಾಗಿ ತೆಳ್ಳಗೆ ಹೊಳೆಯುತ್ತಿದ್ದ ಒಂದಕ್ಕೆ ಹೋಯಿತು.

"ಹಗುರ! ಹೂವಿನ ಹಾಗಿದೆ."

"ಅದು ಹೊತ್ತುಕೊಂಡು ಗುಡ್ಡ ಹತ್ತೋರಿಗೆ" ಎಂದರು ಅಂಗಡಿಯವರು. "ನೀವು ಮಲಗಿ ಹೊಡೆಯೋರು. ಬಂದೂಕು ಹಗುರವಾದಷ್ಟೂ ಅಲುಗಾಡುತ್ತೆ, ಒದೆಯೋದೂ ಜಾಸ್ತಿ. ಮಲಗೋರಿಗೆ ಭಾರ ಇದ್ರೆ ಏನು ಕಷ್ಟ?"

"ಮಲಗೋದ್ರಲ್ಲಿ ಇವರಿಗೆ ಒಳ್ಳೇ ಅನುಭವ ಇದೆ" ಎಂದರು ಅಕ್ಕ.

ಮಾಸ್ಟರು ಕೇಳದವರಂತೆ ಎರಡನೆಯದರ ಕಡೆ ತಿರುಗಿದರು. ನಳಿಗೆಯ ಬಾಯಿಯೇ ಗಂಭೀರವಾಗಿತ್ತು. ಅದರ ಗುಂಡು ಮಾಸ್ಟರ ನಡುಬೆರಳಿಗಿಂತ ಉದ್ದ. "ಇದು ಎಷ್ಟು ದೂರ ಹೋಗುತ್ತೆ?"

"ಒಂದೂವರೆ ಕಿಲೋಮೀಟರ್ ಆಚೆಗೂ ಗುರಿ ಇಡಬಹುದು. ನಿಮ್ಮ ಕ್ಲಬ್ಬಿನ ದಿಬ್ಬ ಎಷ್ಟು ದೂರ?"

"ಆರುನೂರು."

"ಇದಕ್ಕೆ ಅದು ಪಕ್ಕದ ಮನೆ. ಸುಮ್ನೆ ಭುಜ ನೋಯಿಸ್ಕೋತೀರಿ. ಭುಜ ನೊಂದೋರು ಎರಡನೇ ಗುಂಡಿಗೆ ಮೊದಲೇ ಕಣ್ಣು ಮುಚ್ತಾರೆ."

ಮೂರನೆಯದು ನೋಡಲು ಸಪ್ಪೆ. ನಡುಗಾತ್ರದ ಗುಂಡು, ದಪ್ಪನೆಯ ಭಾರದ ನಳಿಗೆ, ಒಂದೊಂದೇ ಗುಂಡಿಗೆ ಕೈಯಿಂದ ಎಳೆದು ಹಾಕುವ ಬೋಲ್ಟ್. ಟ್ರಿಗರ್ ಮಾತ್ರ ಬೆರಳಿಟ್ಟರೆ ಎಲ್ಲೂ ತಡೆಯದೆ ಟಕ್ಕನೆ ಬಿಡುತ್ತಿತ್ತು. "ಬಂದೂಕಿಗಿಂತ ದುರ್ಬೀನು ಒಳ್ಳೇದು ತಗೊಳ್ಳಿ" ಎಂದೂ ಅಂಗಡಿಯವರು ಹೇಳಿದರು, "ಕಾಣದೇ ಇದ್ದದ್ದಕ್ಕೆ ಹೊಡೆಯೋಕಾಗಲ್ಲ." ಮಾಸ್ಟರು ಬೋಲ್ಟನ್ನು ನಾಲ್ಕು ಸಲ ಎಳೆದು ತಳ್ಳಿ, ಹೊಲಿಗೆ ಯಂತ್ರಕ್ಕೆ ಕಿವಿ ಕೊಟ್ಟಂತೆ ಕಿವಿ ಕೊಟ್ಟರು. ಬಂದೂಕಿನ ಮರದ ಹಿಡಿಯನ್ನು ಮಗುಚಿ ಒಳಭಾಗ ನೋಡಿದರು. ಕೋಟಿನ ಯೋಗ್ಯತೆ ತಿಳಿಯುವುದು ಒಳಗಿನ ಅಸ್ತರಿನಲ್ಲಿ, ಬಂದೂಕಿನದೂ ಹಾಗೇ ಇರಬೇಕೆಂದು ಅವರ ನಂಬಿಕೆ.

"ಇದೇ ಇರಲಿ" ಎಂದು ಅಕ್ಕ ತೀರ್ಮಾನಿಸಿದರು. "ಇದರಲ್ಲಿ ಶೋಕಿ ಕಡಿಮೆ."

"ಭುಜಕ್ಕೆ ಒತ್ತೋ ಈ ಮರದ ಭಾಗ ಇದೆಯಲ್ಲ, ಬಟ್ಟು" ಎಂದರು ಅಂಗಡಿಯವರು, "ಅದನ್ನ ಬೇಕಾದ್ರೆ ನಿಮ್ಮ ಅಳತೆಗೆ ಮಾಡಿಸಿಕೊಡ್ತೀವಿ."

ಮಾಸ್ಟರು ಮೇಜು ಹಿಡಿದುಕೊಂಡರು. "ನನ್ನ ಅಳತೆಗೆ?"

"ಮೊಣಕೈ ಮಡಿಚಿ, ಅದರ ಒಳಮಡಿಕೆಯಿಂದ ಟ್ರಿಗರ್ ಒತ್ತೋ ಬೆರಳಿನ ತನಕ. ಈಗಲೇ ಅಳೀಲಾ?"

"ಬೇಡ ಬೇಡ!" ಮಾಸ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಟೈಲರೊಬ್ಬ ಪರರ ಟೇಪಿಗೆ ಕೈ ಒಡ್ಡುವುದೇ! "ಮನೆಯಲ್ಲಿ ಅಳೆದು ಚೀಟಿ ಕಳಿಸ್ತೀನಿ."

"ಕಳಿಸಿ. ನಮ್ಮ ಬಡಗಿ ಚೀಟಿಯಲ್ಲಿ ಬರೆದಷ್ಟೇ ಮಾಡ್ತಾನೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ."

ಮನೆಗೆ ಬಂದವರೇ ಮಾಸ್ಟರು ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಕನ್ನಡಿಯ ಮುಂದೆ ನಿಂತು ಕೈ ಮಡಿಚಿದರು. ತಮ್ಮನ್ನು ತಾವೇ ಅಳೆದುಕೊಳ್ಳುವುದು ಆಗದ ಮಾತು. ಟೇಪಿನ ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತದೆ. ಅಕ್ಕ ಅವರ ಕೈಯಿಂದ ಟೇಪು ತೆಗೆದುಕೊಂಡು ಅಳೆದರು.

"ಕೈ ಅಲುಗಾಡಿಸಬೇಡಿ. ಗಿರಾಕಿಗಳಿಗೆ ಗದರಿಸ್ತೀರಿ, ನಿಮಗೆ ನಿಲ್ಲೋಕೆ ಬರಲ್ಲ."

"ಟೇಪು ಎಳೀಬೇಡ."

"ನನಗೆ ಹೇಳ್ಕೊಡಬೇಡಿ."

ಅಕ್ಕ ತಮ್ಮ ಪುಸ್ತಕ ತೆಗೆದು ಬರೆದಿಟ್ಟು, ಒಲೆಯ ಮೇಲಿನ ಪಾತ್ರೆ ನೆನಪಾಗಿ ಒಳಗೆ ಹೋದರು. ಮಾಸ್ಟರು ಹೋಗಿ ನೋಡಿದರು. ಹದಿಮೂರೂಕಾಲು ಇಂಚು. ಅವರಿಗೆ ಒಳಗೊಳಗೇ ಖುಷಿಯಾಯಿತು. ತಮ್ಮ ಕೈ ಅಷ್ಟುದ್ದ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ನಂತರ ವೃತ್ತಿಧರ್ಮ ಎಚ್ಚರಗೊಂಡಿತು. ಮೈಯ ಅಳತೆ ಮೈಗೆ, ಮೇಲೆ ದಪ್ಪ ಕೋಟು ಹಾಕುವುದಕ್ಕೆ ಒಂದಿಷ್ಟು ಬಿಡಬೇಡವೇ? ಮುಕ್ಕಾಲು ಇಂಚು ಸೇರಿಸಿ, ಹದಿನಾಲ್ಕು ಎಂದು ದುಂಡಗೆ ಚೀಟಿಯಲ್ಲಿ ಬರೆದು ಕಳಿಸಿದರು.

ಬಂದೂಕು ಬರುವುದಕ್ಕೆ ಏಳು ವಾರ ಹಿಡಿಯಿತು. ಆ ಏಳು ವಾರ ಮಾಸ್ಟರು ಬಿಡುವಾದಾಗಲೆಲ್ಲ ಕತ್ತರಿಸುವ ಮೇಜಿನ ಮೇಲೆ ಬೋರಲು ಮಲಗಿ, ಚೂರುಬಟ್ಟೆಯ ಚೀಲದ ಮೇಲೆ ಮೀಟರ್ ಕೋಲು ಇಟ್ಟು, ಎದುರಿನ ಔಷಧಿ ಅಂಗಡಿಯ ಬೋರ್ಡಿಗೆ ಗುರಿ ಹಿಡಿದು ಉಸಿರು ಕಟ್ಟುತ್ತಿದ್ದರು. ಬ್ಲೌಸಿಗೆ ಬಂದ ಹೆಂಗಸೊಬ್ಬರು ಮೇಜಿನ ಮೇಲಿನ ದೇಹ ಕಂಡು ಬೆಚ್ಚಿ ನಿಂತರು.

"ಏನಿಲ್ಲ, ಗುರಿ ಇಡ್ತಿದ್ದಾರೆ" ಎಂದರು ಅಕ್ಕ, ಸೂಜಿಗೆ ದಾರ ಪೋಣಿಸುತ್ತಲೇ. "ನೀವು ಈ ಕಡೆಯಿಂದ ಬನ್ನಿ."

ಕೊನೆಗೂ ಆ ಭಾನುವಾರ ಬಂತು. ಕ್ಲಬ್ಬಿನ ಬೀರು ತೆರೆದು ಕಾರ್ಯದರ್ಶಿಯವರು ಹೊಸ ರೈಫಲನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟಾಗ ಮಾಸ್ಟರು ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಮರಕ್ಕೆ ಎಣ್ಣೆ ಕುಡಿಸಿದ್ದರು. ಅದರ ಅಡಿಗೆ ಒಂದು ಸಣ್ಣ ಚೀಟಿ, ಚೀಟಿಯಲ್ಲಿ 'ಟೈಲರ್ ಮಾಸ್ಟರ್, ಹದಿನಾಲ್ಕು.' ತಮ್ಮ ಹೆಸರಿನ ಚೀಟಿ ಅಂಟಿದ ವಸ್ತುವನ್ನು ಅವರು ಕಂಡದ್ದು ಅದೇ ಮೊದಲು. ಕ್ಲಬ್ಬಿನವರು ಹತ್ತಾರು ಜನ ಸುತ್ತ ನೆರೆದಿದ್ದರು. ಅವರಲ್ಲಿ ಅರ್ಧ ಜನರ ಕೋಟು ಮಾಸ್ಟರು ಹೊಲಿದದ್ದು. ಅಕ್ಕನೂ ಬಂದು ಮರದ ಬೆಂಚಿನ ಮೇಲೆ ಕೂತಿದ್ದರು, ಕಿವಿಗೆ ಕ್ಲಬ್ಬಿನವರು ಕೊಟ್ಟ ದಪ್ಪ ಮುಚ್ಚಳ, ಕುತ್ತಿಗೆಯಲ್ಲಿ ಎಂದಿನ ಟೇಪು.

ಮಾಸ್ಟರು ಮಲಗಿದರು. ಬಟ್ಟನ್ನು ಭುಜಕ್ಕೆ ಇಟ್ಟರು. ಕೈ ಚಾಚಿದರು. ಬೆರಳು ಟ್ರಿಗರಿನ ತುದಿಯನ್ನು ಮುಟ್ಟಿತು, ಅದೂ ಉಗುರಿನಿಂದ. ಕೆನ್ನೆ ಮರಕ್ಕೆ ಇಟ್ಟರೆ ದುರ್ಬೀನು ಎಲ್ಲೋ ಮುಂದೆ, ಅದರೊಳಗೆ ಬರೀ ಕಪ್ಪು, ಕಪ್ಪಿನ ನಡುವೆ ಬಟಾಣಿಯಷ್ಟು ಬೆಳಕು. ಮಾಸ್ಟರು ಕುತ್ತಿಗೆಯನ್ನು ಆಮೆಯಂತೆ ಹೊರಗೆ ಚಾಚಿ, ಬಟಾಣಿಯೊಳಗೆ ಗುರಿಯನ್ನು ಹಿಡಿದು, ಹೇಗೋ ಟ್ರಿಗರ್ ಎಳೆದರು.

ಕಾರ್ಯದರ್ಶಿಯವರು ತಮ್ಮ ದೊಡ್ಡ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದರು. "ಮಾಸ್ಟ್ರೇ, ನಿಮ್ಮ ಗುರಿ ಮೂರನೇ ನಂಬರ್ ಅಲ್ವಾ?"

"ಹೌದು."

"ನಾಲ್ಕನೆಯದಕ್ಕೆ ಬಿದ್ದಿದೆ. ಚೆನ್ನಾಗಿ ಬಿದ್ದಿದೆ. ಆ ನಂಬರಿನವರು ಥ್ಯಾಂಕ್ಸ್ ಹೇಳ್ತಿದ್ದಾರೆ."

ಇನ್ನೆರಡು ಗುಂಡು ಯಾವ ನಂಬರಿಗೂ ಬೀಳಲಿಲ್ಲ. ಮಾಸ್ಟರು ಬೋಲ್ಟ್ ತೆರೆದಿಟ್ಟು ಎದ್ದು ಕೂತರು. ಅಕ್ಕ ಬೆಂಚಿನಿಂದ ಎದ್ದು ಬಂದು, ಬಟ್ಟನ್ನೂ ಗಂಡನ ಕೈಯನ್ನೂ ಒಮ್ಮೆ ನೋಡಿದರು. ಇಬ್ಬರ ಕಿವಿಯಲ್ಲೂ ಮುಚ್ಚಳವಿದ್ದುದರಿಂದ ಮುಂದಿನ ಮಾತುಕತೆ ಇಡೀ ಬಯಲಿಗೆ ಕೇಳುವಷ್ಟು ಜೋರಾಗಿ ನಡೆಯಿತು.

"ಎಷ್ಟು ಬರೆದು ಕಳಿಸಿದ್ರಿ?"

"ನಿನ್ನ ಪುಸ್ತಕದಲ್ಲಿದ್ದದ್ದು ಹದಿಮೂರೂಕಾಲು! ಕೋಟಿಗೆ ಅಂತ ಮುಕ್ಕಾಲು ಸೇರಿಸಿದೆ!"

"ಮತ್ತೆ ಸೇರಿಸಿದ್ರಾ? ನನ್ನ ಪುಸ್ತಕದಲ್ಲಿ ಯಾವಾಗಲೂ ಸೇರಿಸೇ ಬರೆಯೋದು!"

"ಸೇರಿಸೇ ಬರೆಯೋದಾ? ಅಳತೆ ಪುಸ್ತಕದಲ್ಲಿ ಅಳತೆ ಬರೀಬೇಕು ಕಣೇ! ನಾನು ಕತ್ತರಿಸುವಾಗ ಸೇರಿಸ್ತೀನಿ!"

"ನಾನು ಬರೆಯುವಾಗ ಸೇರಿಸ್ತೀನಿ! ಮೂವತ್ತೊಂದು ವರ್ಷದಿಂದ!"

"ಹಾಗಾದ್ರೆ ನನ್ನ ಕೈ ಎಷ್ಟು?"

"ಹನ್ನೆರಡೂವರೆ!"

ಬಯಲಿನಲ್ಲಿ ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಕಾರ್ಯದರ್ಶಿಯವರು ಮೆಲ್ಲಗೆ ಬಂದು ಇಬ್ಬರ ಕಿವಿಯ ಮುಚ್ಚಳವನ್ನೂ ತೆಗೆಸಿದರು. "ಬಟ್ಟೆಗಾದ್ರೆ ಕೋಟಿನ ದಪ್ಪ ಕೂಡಿಸ್ಬೇಕು ಮಾಸ್ಟ್ರೇ. ಮರಕ್ಕೆ ಕಳೀಬೇಕು" ಎಂದರು, ಮೇಷ್ಟ್ರ ಅಭ್ಯಾಸ ಬಿಡಲಾರದೆ. "ಹೋಗ್ಲಿ ಬಿಡಿ. ಮರ ತಾನೇ. ಗೆರೆ ಹಾಕ್ಕೊಡಿ, ಒಂದೂವರೆ ಇಂಚು ಕತ್ತರಿಸಿ ಕೊಡ್ತಾರೆ."

ಮಾಸ್ಟರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು.

"ತಡೀರಿ" ಎಂದರು ಅಕ್ಕ. "ಕತ್ತರಿ ಹಾಕೋಕೆ ಮುಂಚೆ ಟ್ರಯಲ್ ನೋಡ್ಬೇಕು. ತಪ್ಪು ಎಲ್ಲಿದೆ ಅಂತ ನಾನೂ ನೋಡ್ತೀನಿ." ಹೀಗೆಂದು ಚಾಪೆಯ ಮೇಲೆ ಮಲಗಿ, ಬಟ್ಟನ್ನು ಭುಜಕ್ಕೆ ಇಟ್ಟುಕೊಂಡರು.

ಅಕ್ಕ ಮಾಸ್ಟರಿಗಿಂತ ಒಂದು ತಲೆಯಷ್ಟು ಎತ್ತರ. ಮದುವೆಯಾದಾಗಿನಿಂದ ಈ ವಿಷಯ ಮನೆಯಲ್ಲಿ ಚರ್ಚೆಗೆ ಬಂದಿರಲಿಲ್ಲ. ಮಾಸ್ಟರು ನಿಂತಿರುವಾಗ ಅವರು ಕೂತಿರುತ್ತಿದ್ದರು, ಅಷ್ಟೆ.

ಬಟ್ಟು ಭುಜದ ಗುಳಿಯಲ್ಲಿ ಹೋಗಿ ಕೂತಿತು. ಬೆರಳು ತಾನಾಗಿ ಟ್ರಿಗರಿನ ಮೇಲೆ ಬಂತು. ಕೆನ್ನೆ ಮರಕ್ಕೆ ತಾಗಿದ ಕಡೆ ಕಣ್ಣು ಸರಿಯಾಗಿ ದುರ್ಬೀನಿನ ಹಿಂದಿತ್ತು. "ಚೆನ್ನಾಗಿ ಕಾಣುತ್ತಲ್ರೀ" ಎಂದರು ಅಕ್ಕ. ಕಾರ್ಯದರ್ಶಿಯವರು ಅತಿಥಿಗಳು ಐದು ಗುಂಡು ಹೊಡೆಯಬಹುದೆಂಬ ನಿಯಮವನ್ನು ನೆನಪಿಸಿಕೊಂಡು, ಪಕ್ಕದಲ್ಲೇ ಕೂತು ಒಂದೊಂದನ್ನೇ ಹೇಗೆಂದು ಹೇಳಿಕೊಟ್ಟರು. ಅಕ್ಕ ಕಿವಿಗೆ ಮತ್ತೆ ಮುಚ್ಚಳ ಹಾಕಿಕೊಂಡು, ಕಾಜಾ ಹೊಲಿಯುವಾಗ ಉಸಿರು ಹಿಡಿಯುವಂತೆ ಉಸಿರು ಹಿಡಿದು ಐದು ಸಲ ಹೊಡೆದರು. ಐದೂ ಮೂರನೇ ನಂಬರಿನ ಕಾಗದದಲ್ಲೇ ಇದ್ದವು. ಮೂರು ಕಪ್ಪಿನೊಳಗೆ.

"ಆಯ್ತು, ಗೆರೆ ಹಾಕಿ" ಎಂದು ಅಕ್ಕ ಏಳಹೊರಟರು. "ನಿಮ್ಮದು. ಕತ್ತರಿಸಿಕೊಳ್ಳಿ."

"ಏಳಬೇಡ" ಎಂದರು ಮಾಸ್ಟರು. "ಹಾಗೇ ಇರು."

ಅವರು ಮಂಡಿಯೂರಿ ಕೂತು ನೋಡಿದರು. ಭುಜ ನೋಡಿದರು. ಮೊಣಕೈ ನೋಡಿದರು. ಕೆನ್ನೆಗೂ ಮರಕ್ಕೂ ನಡುವೆ ಪೆನ್ಸಿಲಿನ ತುದಿ ತೂರಿಸಲು ನೋಡಿದರು, ತೂರಲಿಲ್ಲ. ಎಲ್ಲೂ ಎಳೆತವಿಲ್ಲ, ಎಲ್ಲೂ ಸಡಿಲವಿಲ್ಲ. ಮೂವತ್ತೊಂದು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಫಿಟಿಂಗು ಅವರ ಕೈಯಿಂದ ಹೊರಟಿರಲಿಲ್ಲ. ಅದನ್ನು ಕತ್ತರಿಸಲು ಕೈ ಬರಲಿಲ್ಲ. ಗಿರಾಕಿಯೇ ಬಂದು ತನ್ನ ಕೋಟನ್ನು ಕತ್ತರಿಸಿ ಎಂದರೂ ಚೆನ್ನಾಗಿ ಕೂತ ಕೋಟಿಗೆ ಕತ್ತರಿ ಹಾಕಿದ ಮನುಷ್ಯನಲ್ಲ ಅವರು. ಪೆನ್ಸಿಲು ಕಿವಿಯ ಹಿಂದಕ್ಕೆ ಹೋಯಿತು.

"ಇದು ನಿನ್ನದೇ ಕಣೇ" ಎಂದರು. "ಇದನ್ನ ಮುಟ್ಟಿದ್ರೆ ಪಾಪ. ನನಗೇನು, ಕ್ಲಬ್ಬಿನದಿದೆ. ರೆಡಿಮೇಡ್. ಮೈಗೆ ಕೂರದಿದ್ರೂ ಅಡ್ಜಸ್ಟ್ ಮಾಡ್ಕೋತೀನಿ. ಎಲ್ಲ ಅಡ್ಜಸ್ಟ್ ಮಾಡ್ಕೊಂಡೇ ಬಂದವನು ನಾನು."

ಸುತ್ತ ನಿಂತವರಿಗೆಲ್ಲ ಮನಸ್ಸು ಕರಗಿತು. ಒಬ್ಬರು ಮೂಗು ಒರೆಸಿಕೊಂಡರು. ಅಕ್ಕನಿಗೂ ಅಯ್ಯೋ ಅನಿಸಿತು. ಗಂಡನಿಗೆ ಆ ಹಳೆಯ ಬಂದೂಕು ಎಷ್ಟು ಹೆಚ್ಚುಕಡಿಮೆ ಇದೆಯೋ, ಒಂದು ಮೆತ್ತೆ ಹೊಲಿದಾದರೂ ಕೊಡೋಣ ಎಂದುಕೊಂಡು ಅವರು ಎದ್ದು ಹೋಗಿ, ಬೀರುವಿನಿಂದ ಕ್ಲಬ್ಬಿನ ರೈಫಲನ್ನು ತೆಗೆಸಿ ಮೇಜಿನ ಮೇಲೆ ಇಡಿಸಿದರು. ಕುತ್ತಿಗೆಯ ಟೇಪು ಎಳೆದು ಬಟ್ಟಿನ ತುದಿಯಿಂದ ಟ್ರಿಗರಿನವರೆಗೆ ಹಿಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಹಿಡಿದರು.

"ರೀ, ಇದನ್ನ ನೀವು ಒಂದು ಸಲನಾದ್ರೂ ಅಳೆದಿದ್ರಾ?"

"ರೆಡಿಮೇಡನ್ನ ಏನು ಅಳೆಯೋದು?"

"ಹನ್ನೆರಡೂವರೆ."

ಕಾರ್ಯದರ್ಶಿಯವರು ಹತ್ತಿರ ಬಂದು ಬಗ್ಗಿ ಟೇಪು ನೋಡಿದರು. ಹನ್ನೆರಡೂವರೆ. ಹೆಚ್ಚಿಲ್ಲ, ಕಡಿಮೆ ಇಲ್ಲ. ಇಡೀ ವರ್ಷ, ಪ್ರತಿ ಭಾನುವಾರ, ಮಾಸ್ಟರು ಹೊಡೆದದ್ದು ಅಳತೆ ಕೊಟ್ಟು ಮಾಡಿಸಿದಂತಿದ್ದ ಬಂದೂಕಿನಿಂದ.

ಮಾಸ್ಟರ ಮುಖಕ್ಕೆ ರಕ್ತ ನುಗ್ಗಿತು. "ಆ ಟೇಪು ಹಳೇದು" ಎಂದರು ಥಟ್ಟನೆ. "ಎಳೆದು ಎಳೆದು ಹಿಗ್ಗಿದೆ. ಅದರ ಅಳತೆ ನಂಬೋ ಹಾಗಿಲ್ಲ."

ಅಕ್ಕ ಟೇಪನ್ನು ಮಡಿಸದೆ ಹಾಗೇ ಹಿಡಿದುಕೊಂಡು, ಸುತ್ತ ನಿಂತಿದ್ದ ಕೋಟುಗಳನ್ನು ಒಂದೊಂದಾಗಿ ನೋಡಿದರು. "ಹೌದಾ? ಇವರ ಕೋಟುಗಳನ್ನೆಲ್ಲ ಹೊಲಿದದ್ದು ಇದೇ ಟೇಪಿನಲ್ಲಿ ಅಲ್ವೇನ್ರೀ?"

ಕಾರ್ಯದರ್ಶಿಯವರ ಕೈ ತಮ್ಮ ಭುಜದ ಹೊಲಿಗೆಗೆ ಹೋಯಿತು. ನಾಲ್ಕನೇ ನಂಬರಿನವರು ತಮ್ಮ ತೋಳು ಚಾಚಿ ಮುಂಗೈ ನೋಡಿಕೊಂಡರು. ಹಿಂದೆ ನಿಂತಿದ್ದ ಇನ್ನೊಬ್ಬರು ತಮ್ಮ ಹೊಟ್ಟೆಯ ಬಳಿಯ ಗುಂಡಿಯನ್ನು ಅನುಮಾನದಿಂದ ಬಿಚ್ಚಿ ಮತ್ತೆ ಹಾಕಿಕೊಂಡರು.

"ಟೇಪು ಸರಿಯಾಗಿದೆ" ಎಂದರು ಮಾಸ್ಟರು.

"ಕೇಳಿಸಲಿಲ್ಲ" ಎಂದರು ಕಾರ್ಯದರ್ಶಿಯವರು.

"ಟೇಪು ಸರಿಯಾಗಿದೆ! ಒಂದು ನೂಲು ಹೆಚ್ಚುಕಡಿಮೆ ಇಲ್ಲ! ಗುರಿ ಇಡೋಕೆ ನನಗೇ ಬರಲ್ಲ!" ಎಂದು ಮಾಸ್ಟರು ಇಡೀ ಬಯಲಿಗೆ ಕೇಳುವಂತೆ ಕೂಗಿ ಹೇಳಿ, ಕಿವಿಗೆ ಮುಚ್ಚಳ ಹಾಕಿಕೊಂಡು, ತಮಗೆ ಸರಿಯಾಗಿ ಕೂರುವ ಬಂದೂಕಿನ ಹಿಂದೆ ಹೋಗಿ ಮಲಗಿದರು.